ಸಂಬಳದ ಅಂಕಿ ಕೇಳಿ ಕೋರ್ಸ್ ಬದಲಿಸುವ ಮುಂಚೆ

ತಂಗಿ, ಪೊನ್ನಂಪೇಟೆಯಲ್ಲಿ ಫಾರೆಸ್ಟ್ರಿ ಮುಗಿಸುತ್ತಿದ್ದೀಯ. ಜರ್ಮನಿಯಲ್ಲಿ ಡೇಟಾ ಸೈನ್ಸ್‌ನವರಿಗೆ ವರ್ಷಕ್ಕೆ 50,000 ಯೂರೋ ಅಂತೆ, ಅದನ್ನೇ ಓದಲಾ ಎಂದು ಕೇಳಿದ್ದೀಯ.

ಆ 50,000 ಬ್ರುಟ್ಟೋ, ಅಂದರೆ ಕಡಿತಕ್ಕೆ ಮುಂಚಿನದು. ಪಿಂಚಣಿಗೆ 9.3%, ನಿರುದ್ಯೋಗ ವಿಮೆಗೆ 1.3%, ಆರೋಗ್ಯ ವಿಮೆಗೆ 7.3% ಮತ್ತು ಅದರ ಮೇಲೊಂದಿಷ್ಟು, ಆರೈಕೆ ವಿಮೆ, ಆಮೇಲೆ ಆದಾಯ ತೆರಿಗೆ. ಒಂಟಿಯಾಗಿರುವವರ ಕೈಗೆ ತಿಂಗಳಿಗೆ 2,650 ಯೂರೋ ಆಸುಪಾಸು ಬರುತ್ತದೆ. ಮ್ಯೂನಿಕ್ ಆದರೆ ಬಾಡಿಗೆಯೇ ಅದರಲ್ಲಿ ದೊಡ್ಡ ಪಾಲು ನುಂಗುತ್ತದೆ. ಔಟ್‌ಟರ್ನ್ (ಒಣ ಹಣ್ಣಿನಿಂದ ಎಷ್ಟು ಬೇಳೆ ಸಿಗುತ್ತದೆ ಎಂಬುದು) ನೋಡದೆ ಕಾಫಿ ಚೆರ್ರಿ ಮೂಟೆಗೆ ರೇಟು ಒಪ್ಪುವವರು ನಮ್ಮೂರಲ್ಲಿ ಯಾರಿದ್ದಾರೆ?

ಇಂಥ ಅಂಕಿಗಳು ಓದಿನ ದಾರಿಯನ್ನೇ ತಿರುಗಿಸುತ್ತವೆ. ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಎಂಟನೇ ತರಗತಿ ಹುಡುಗರಿಗೆ ಓದಿದವರ ನಿಜವಾದ ಗಳಿಕೆ ಎಷ್ಟೆಂದು ತಿಳಿಸಿದಾಗ, ಮುಂದಿನ ನಾಲ್ಕು ವರ್ಷಗಳಲ್ಲಿ ಅವರು ಸರಾಸರಿ 0.20ರಿಂದ 0.35 ವರ್ಷ ಹೆಚ್ಚು ಓದಿದರು. ರಾಬರ್ಟ್ ಜೆನ್ಸನ್ 2010ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ತೀರಾ ಬಡ ಮನೆಯ ಹುಡುಗರಿಗೂ ವಿಷಯ ಮನಸ್ಸಿಗೆ ಹೋಗಿತ್ತು, ಓದಿನ ವರ್ಷ ಮಾತ್ರ ಹೆಚ್ಚಲಿಲ್ಲ. ಸರಿಯಾದ ಅಂಕಿಗೇ ಇಷ್ಟು ಬಲವಿದ್ದರೆ, ತಪ್ಪು ಅಂಕಿ ನಂಬಿ ಸಾಲ ಮಾಡಿದರೆ ಏನಾದೀತು ಯೋಚಿಸು.

ಜರ್ಮನಿಯ ಸರ್ಕಾರಿ ಉದ್ಯೋಗ ಇಲಾಖೆಯ 'ಎಂಟ್‌ಗೆಲ್ಟ್‌ಅಟ್ಲಾಸ್' ಎಂಬ ಸಂಬಳದ ವೆಬ್‌ಸೈಟ್ ತೆರೆದು ಕೆಲಸದ ಹೆಸರು ಹಾಕು. ನಡುವಿನ ಸಂಬಳದ ಜೊತೆ ಕೆಳಗಿನ ಕಾಲು ಭಾಗದವರದ್ದನ್ನೂ ನೋಡು, ಹೊಸಬರಿಗೆ ಅದೇ ಹತ್ತಿರ. ರಾಜ್ಯ, ವಯಸ್ಸು ಬದಲಿಸಿ ನೋಡು. ಆದರೆ ಅದರಲ್ಲಿರುವುದು ಪೂರ್ಣಾವಧಿ ಕೆಲಸ ಇರುವವರು ಮಾತ್ರ; ಡಿಗ್ರಿ ಮುಗಿಸಿ ಕೆಲಸ ಸಿಗದವರ ಲೆಕ್ಕ ಅಲ್ಲಿ ಸಿಗದು.

ಖರ್ಚಿನ ಕಡೆ: ವೀಸಾಕ್ಕೆ, ತಿಂಗಳಿಗೆ ಇಷ್ಟೇ ಎಂದು ತೆಗೆಯಬಹುದಾದ ಬ್ಲಾಕ್ಡ್ ಅಕೌಂಟ್‌ನಲ್ಲಿ ಒಂದು ವರ್ಷಕ್ಕೆ 11,904 ಯೂರೋ ತೋರಿಸಬೇಕು, ನಮ್ಮ ಓದಿನ ದಾಖಲೆ ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರ ಬೇಕು. ಓದುವಾಗ ವರ್ಷಕ್ಕೆ 140 ಪೂರ್ಣ ದಿನ ದುಡಿಯಬಹುದು. ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳು. ಜರ್ಮನ್ ಬಾರದವರಿಗೆ ಆ ತಿಂಗಳುಗಳು ಬೇಗ ಕರಗುತ್ತವೆ, ಊರಲ್ಲಿದ್ದಾಗಲೇ ಬಿ1 (ಜರ್ಮನ್ ಭಾಷೆಯ ಮಧ್ಯಮ ಹಂತ) ಮುಗಿಸು.

ಫಾರೆಸ್ಟ್ರಿಯನ್ನು ಇಷ್ಟು ಬೇಗ ಕೈಬಿಡಬೇಡ. ಜರ್ಮನಿಯಲ್ಲೇ, 1811ರಿಂದ ಅರಣ್ಯಶಾಸ್ತ್ರ ಕಲಿಸುತ್ತಿರುವ ಥರಾಂಟ್‌ನಲ್ಲಿ ಉಷ್ಣವಲಯದ ಅರಣ್ಯದ ಎಂಎಸ್ಸಿ ಇಂಗ್ಲಿಷಿನಲ್ಲೇ ಇದೆ. ಉಪಗ್ರಹ ಚಿತ್ರ, ಜಿಐಎಸ್ (ಕಂಪ್ಯೂಟರ್ ನಕ್ಷೆ ಕೆಲಸ) ಕಲಿತರೆ ಡೇಟಾ ಕೆಲಸಕ್ಕೂ ಅಲ್ಲಿಂದ ದಾರಿಯಿದೆ.

ಏಜೆಂಟ್ ಬಳಿ ಅತಿ ಹೆಚ್ಚು ಸಂಬಳ ಯಾರಿಗೆ ಬಂತು ಎಂದು ಕೇಳಬೇಡ. ಕಳೆದ ಬ್ಯಾಚಿನಲ್ಲಿ ಎಷ್ಟು ಮಂದಿಗೆ ಓದಿದ್ದೇ ಕೆಲಸ ಸಿಕ್ಕಿತು, ಎಷ್ಟು ಮಂದಿ ಇನ್ನೂ ಗೋದಾಮಿನಲ್ಲಿದ್ದಾರೆ ಎಂದು ಕೇಳು. ಉತ್ತರ ಬರುವವರೆಗೆ ಅಡ್ವಾನ್ಸ್ ಕೊಡಬೇಡ.