ಕೊರೊನಾದಾಗ ಬಿದ್ದ ಊರಿನ ಟೂರಿಸಂ ಎತ್ತಾಕ ಗ್ರಾಮ ಪಂಚಾಯ್ತಿ ರೊಕ್ಕ ಎದಕ್ಕ ಹಾಕಬೇಕು, ಉತ್ಸವಕ್ಕೋ ಪ್ರಚಾರಕ್ಕೋ?

ಎರಡಕ್ಕೂ ಬ್ಯಾಡ್ರಿ. ನೀವು ಪಂಚಾಯ್ತಿ ಮೆಂಬರ್ ಅಂತ ಬರ್ದೀರಿ, ಅದಕ್ಕ ನನ್ನ ಕಥಿ ಹೇಳ್ತೀನಿ.

ನಂದು ಬಾದಾಮ್ಯಾಗ ಮೇಣಬಸದಿಗೆ, ಅಂದ್ರ ಗುಡ್ಡದಾಗಿನ ಗುಹಿ ಗುಡಿಗಳಿಗೆ, ಹೋಗೋ ದಾರ್ಯಾಗ ಚಹಾ-ಮಿರ್ಚಿ ಗಾಡಿ. ಶಾಲಿ ಟ್ರಿಪ್ ಬರೋ ಚಳಿಗಾಲದ ಎರಡು-ಮೂರು ತಿಂಗಳ ದುಡಿಮಿ ಮ್ಯಾಲೆ ವರ್ಷ ಸಾಗತಿತ್ತು. 2019ರ ಆಗಸ್ಟ್‌ನ್ಯಾಗ ಮಲಪ್ರಭಾ ಹೊಳಿ ಬಂದು ಪಟ್ಟದಕಲ್ಲ ಗುಡಿಯೊಳಗ ನೀರು ಹೊಕ್ಕಾಗ ಒಂದು ಪೆಟ್ಟು ಬಿತ್ತು, ಅದರಿಂದ ಏಳೂದ್ರಾಗ 2020ರ ಮಾರ್ಚ್ 17ಕ್ಕ ದೇಶದಾಗಿನ ಪುರಾತತ್ವ ಇಲಾಖೆ ಸ್ಮಾರಕ ಎಲ್ಲಾ ಬಂದ್.

ಇನ್ನ ನನ್ನ ತಪ್ಪು. ಕೊರೊನಾ ಬರೂಕಿಂತ ಮೊದಲ ಒಂದಿನ ಬೀದಿ ವ್ಯಾಪಾರಿಗಳ ಸರ್ವೇ ಅಂತ ಇಬ್ಬರು ಬಂದ್ರು. ಒಬ್ಬನ ಕೈಯಾಗ ಟ್ಯಾಬ್, ಇನ್ನೊಬ್ಬನ ಹತ್ರ ಹೆಬ್ಬೆಟ್ಟು ಒತ್ತೋ ಮಷೀನು. ಗಾಡಿ ಮುಂದ ನಿಂದ್ರು, ಫೋಟೋ ತಗೀತೀವಿ, ಆಧಾರ್ ಕೊಡು ಅಂದ್ರು. ನಾ ಮಿರ್ಚಿ ಬಿಡಾಕತ್ತಿದ್ದೆ, ಎಣ್ಣಿ ಕಾದಿತ್ತು, ನನ್ನ ತಲ್ಯಾಗ ಹೊಳದಿದ್ದು ಒಂದ, ಇವತ್ತು ಫೋಟೋ ತಗೀತಾರ ನಾಳೆ ಗಾಡಿ ತಗಸ್ತಾರ, ಇಲ್ಲಾಂದ್ರ ತಿಂಗಳಾ ಬಾಡಿಗಿ ಹಾಕ್ತಾರ ಅಂತ. "ಗಾಡಿ ನಂದಲ್ಲ ಸರ, ಮಾಲೀಕ ಊರಾಗಿಲ್ಲ" ಅಂದುಬಿಟ್ಟೆ. ಅವರೇನು ಜಗಳಾಡಲಿಲ್ಲ, ಮತ್ತ ಬರ್ತೀವಿ ಅಂತ ಬಾಜೂ ಗಾಡಿಗೆ ಹೋದ್ರು. ಮತ್ತೊಮ್ಮೆ ಬಂದಾಗ ನಾ ಬೇಕಂತನ ಗಾಡಿ ಬಿಟ್ಟು ಅಗಸ್ತ್ಯ ತೀರ್ಥದ ಕಡೆ ಹೋಗಿ ಕುಂತಿದ್ದೆ.

ಖರೇ ಏನಂದ್ರ ನಾ ಹೆದರಿದ್ದೇ ಉಲ್ಟಾ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಸರ್ವೇ ಮುಗದು ಸರ್ಟಿಫಿಕೇಟ್ ಕೊಡೋತನಕ ಯಾರನ್ನೂ ಎಬ್ಬಿಸೋ ಹಂಗಿಲ್ಲ. ಅಂದ್ರ ಆ ಫೋಟೋನ ನನ್ನ ಗಾಡಿ ಉಳಸೋದಿತ್ತು. ಅದನ್ನ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

2020ರ ಜೂನ್‌ದಾಗ ಬೀದಿ ವ್ಯಾಪಾರಿಗಳಿಗೆ ಸಾಲ ಕೊಡೋ ಕೇಂದ್ರ ಸರ್ಕಾರದ ಸ್ವನಿಧಿ ಯೋಜನೆ ಬಂತು, 10 ಸಾವಿರ ಸಾಲ, ಅಡ ಇಡೋದು ಬ್ಯಾಡ, ಸರಿಯಾಗಿ ಕಟ್ಟಿದ್ರ ಬಡ್ಡ್ಯಾಗ 7 ಪರ್ಸೆಂಟ್ ಸರ್ಕಾರದ್ದು. ಬಾಜೂದವ ಊದಿನಕಡ್ಡಿ ಹಚ್ಚೋ ಜಾಗದಾಗ ದಾರ ಕಟ್ಟಿ ಸರ್ವೇದಾಗ ಸಿಕ್ಕ ತನ್ನ ಕಾರ್ಡ್ ತೂಗಬಿಟ್ಟಿದ್ದ. ಅದನ್ನ ಬಿಚ್ಚಿಕೊಂಡು ಬ್ಯಾಂಕಿಗೆ ಹೋದ, ಸಾಲ ಆತು, ಕಟ್ಟಿ ಮುಗಿಸಿದ ಮ್ಯಾಲೆ 20 ಸಾವಿರನೂ ಸಿಕ್ತು. ನಾ ಅದ 20 ಸಾವಿರ ನೂರಕ್ಕ ಐದರಂಗ ಕೈಗಡ ತಂದೆ, ತಿಂಗಳಾ ಸಾವಿರ ರೂಪಾಯಿ ಬರೇ ಬಡ್ಡಿ, ಹದಿನಾಲ್ಕು ತಿಂಗಳು ಕಟ್ಟೀನಿ. 2021ರಾಗ ಏಪ್ರಿಲ್ 16ರಿಂದ ಮತ್ತ ಎರಡು ತಿಂಗಳು ಬಂದ್ ಆದಾಗ ರಾಜ್ಯ ಸರ್ಕಾರ ಬೀದಿ ವ್ಯಾಪಾರಿಗಳಿಗೆ 2 ಸಾವಿರ ಅಂತು, ಅದೂ ಸ್ವನಿಧಿಯೊಳಗ ಹೆಸರಿದ್ದವರಿಗೆ. ಸರ್ವೇದಾಗ ಬಿಟ್ಟುಹೋದವರಿಗೆ ಪುರಸಭೆ ಶಿಫಾರಸು ಪತ್ರ ಕೊಟ್ರ ಸಾಕಿತ್ತು ಅನ್ನೋದು ನಂಗ ತಿಳಿಯೂದ್ರಾಗ ದೊಡ್ಡ ಸಿಲಿಂಡರ್, ಒಲಿ ಎರಡೂ ಮಾರಿದ್ದೆ.

ಈಗ ನಿಮ್ಮ ಪ್ರಶ್ನೆ. ಮಂದಿ ತಾವಾಗೇ ಬಂದ್ರು ರೀ. ಬಾಗಿಲು ತಗದ ಮ್ಯಾಲೆ ಬೆಂಗಳೂರು, ಪುಣೆ ಕಾರು ಶನಿವಾರ-ರವಿವಾರ ತುಂಬಿ ಬಂದ್ವು, ಯಾವ ಬ್ಯಾನರ್ ನೋಡಿ ಬಂದಿಲ್ಲ ಅವರು. ಆದ್ರ ಬಂದವರಿಗೆ ಚಹಾ ಕೊಡೋರು ಅರ್ಧಕ್ಕರ್ಧ ಇರಲಿಲ್ಲ, ಗೌಂಡಿ ಕೆಲಸಕ್ಕ ಗೋವಾ, ಮಂಗಳೂರು ಹೋಗಿಬಿಟ್ಟಿದ್ರು. ಟಿಕೆಟ್ ಬರೇ ಆನ್‌ಲೈನ್ ಮಾಡಿದಾಗ ಸಾದಾ ಫೋನ್ ಹಿಡಕೊಂಡು ಬಂದ ಹಳ್ಳಿ ಮಂದಿ ಗೇಟ್ ಮುಂದ ನಿಂತಿದ್ರು, ನಮ್ಮ ಹುಡುಗರು ತಮ್ಮ ಮೊಬೈಲ್‌ದಾಗ ತಗದು ಕೊಡ್ತಿದ್ರು. ಇಂಥಾದಕ್ಕ ಒಬ್ಬ ಹುಡುಗನ್ನ ಪಗಾರ ಕೊಟ್ಟು ನಿಂದ್ರಸೋದು ಪಂಚಾಯ್ತಿಯಿಂದ ಆಗೋ ಕೆಲಸ. ಗುಡಿ ಒಳಗಿಂದು ಪುರಾತತ್ವ ಇಲಾಖೆದು, ಅದನ್ನ ನೀವು ಮುಟ್ಟಾಕ ಬರಂಗಿಲ್ಲ. ಹೊರಗಿನ ಸಂಡಾಸು, ಕುಡಿಯೋ ನೀರು, ಲೈಟು, ಸಂತೆ ಕರ ಇವು ನಿಮ್ಮವು. ಬಂದ್ ಇದ್ದ ತಿಂಗಳದ ಕರ ಬಿಡ್ತೀವಿ ಅಂತ ಒಂದು ಠರಾವು ಮಾಡಿ ಇಟ್ಕೋರಿ.

ಎಲ್ಲಾಕ್ಕಿಂತ ಮೊದಲ ಪಟ್ಟಿ. ಸ್ವನಿಧಿ ಪಟ್ಟಣದಾಗ ವ್ಯಾಪಾರ ಮಾಡೋರಿಗೆ ಅಂತ ಬಂದದ್ದು. ನಮ್ಮವ್ವ ಬನಶಂಕರಿ ಗುಡಿ ಮುಂದ ಬುಟ್ಟ್ಯಾಗ ರೊಟ್ಟಿ, ಮೊಸರು, ಶೇಂಗಾ ಚಟ್ನಿ ಮಾರತಾಳ, ಆ ಜಾಗ ಪುರಸಭೆ ಹದ್ದಿನೊಳಗಿಲ್ಲ, ಹಂಗಾಗಿ ಆಕಿಗೆ ಆ ದಾರೀನ ಇರಲಿಲ್ಲ. ನಿಮ್ಮ ಹಳ್ಳ್ಯಾಗೂ ಇಂಥ ಹೆಣ್ಮಕ್ಕಳು ಇದ್ದೇ ಇರತಾರ, ಎಳನೀರು ಮಾರೋರು, ಗೈಡ್ ಕೆಲಸ ಮಾಡೋ ಹುಡುಗರು, ಆಟೋದವರು ಎಲ್ಲಾರನ್ನೂ ಬರಕೋರಿ. ಮುಂದ ಹೊಳಿ ಬರಲಿ, ರೋಗ ಬರಲಿ, ಮ್ಯಾಲಿಂದ ಪರಿಹಾರ ಬಂದಾಗ ಕೇಳೋದು ಆ ಪಟ್ಟೀನ.

ಬರಕೊಳ್ಳಾಕ ವ್ಯಾಪಾರದ ಹೊತ್ತಿನ್ಯಾಗ ಹೋಗಬ್ಯಾಡ್ರಿ. ಸಂಜೀಕ ಗಾಡಿ ತೊಳಿಯೋ ಹೊತ್ತಿಗೆ ಹೋಗ್ರಿ, ಒಂದು ಚಹಾ ಕುಡೀರಿ, ಆಧಾರ್ ಕೇಳೂಕಿಂತ ಮೊದಲ "ನಿಮ್ಮ ಗಾಡಿ ತಗಸಾಕ ಬಂದಿಲ್ಲ" ಅಂತ ಬಾಯಿ ಬಿಟ್ಟು ಹೇಳ್ರಿ.