"ಸುಮಾ ನೋಡ್ಬೇಕು" ಅನ್ನೋ 14 ಚೀಟಿ

ನಾನು ಆಪ್ತಸಲಹೆಗಾರ್ತಿ, ಇದು ನನ್ನ ಹತ್ರ ಬಂದ ಒಬ್ಬ ಹೆಂಗಸಿನ ಕಥೆ. ಮೊದಲೇ ಹೇಳಿಬಿಡ್ತೀನಿ, ಹೆಸರು, ಊರು, ಆಫೀಸಿನ ವಿವರ ಎಲ್ಲ ಬದಲಾಯಿಸಿದೀನಿ. ಬರೆಯೋಕೆ ಅವರ ಒಪ್ಪಿಗೆ ಇದೆ, ಬರೆದ ಮೇಲೆ ಫೋನಲ್ಲಿ ಅವರಿಗೆ ಓದಿ ಹೇಳಿದೆ, ಬೇಡ ಅಂದ ಎರಡು ಕಡೆ ತೆಗೆದೂ ಹಾಕಿದೀನಿ. ಅವರನ್ನ ಸುಮಾ ಅಂತ ಕರೀತೀನಿ.

ಸುಮಾ ನನ್ನ ಹತ್ರ ಬಂದಿದ್ದು ಆಫೀಸಿನ ತೊಂದರೆ ಅಂತ ಅಲ್ಲ, ಎದೆ ಢವಢವ ಅನ್ನುತ್ತೆ ಅಂತ. ರಾತ್ರಿ ಎರಡೂವರೆಗೆ ಎಚ್ಚರ ಆಗೋದು, ದಿಂಬಿನ ಕೆಳಗಿಂದ ಫೋನ್ ತೆಗೆದು ಆಫೀಸ್ ಗ್ರೂಪ್ ನೋಡೋದು, ಏನೂ ಇಲ್ಲ ಅಂತ ಗೊತ್ತಾದ್ರೂ ಬೆಳಗಿನ ತನಕ ಸೂರು ನೋಡ್ಕೊಂಡು ಮಲಗಿರೋದು. ಇಸಿಜಿ, ಥೈರಾಯ್ಡ್ ಎಲ್ಲ ನಾರ್ಮಲ್ ಬಂದ್ಮೇಲೆ ಡಾಕ್ಟ್ರೇ ಆಪ್ತಸಲಹೆಗೆ ಕಳಿಸಿದ್ರು. ವಯಸ್ಸು ನಲವತ್ತರ ಆಚೀಚೆ, ರೈತರಿಗೆ ಬೆಳೆ ಮಾಹಿತಿ ಕೊಡೋ ಒಂದು ಸಣ್ಣ ಸಂಸ್ಥೆಯಲ್ಲಿ ಏಳು ಜನರ ಟೀಮಿಗೆ ಹೆಡ್. ತಿಂಗಳಿಗೊಂದು ಕರಪತ್ರ, ವಾರಕ್ಕೊಂದು ಆಡಿಯೋ, ನಡುನಡುವೆ ಹಳ್ಳಿ ಸಭೆ.

ಮೊದಲನೇ ಸೆಷನ್ ಅರ್ಧ ಮುಗಿದ ಮೇಲೆ ಸ್ಟಿಕರ್ ವಿಷಯ ಹೊರಗೆ ಬಂತು. ತೊಗರಿ ಬೀಜೋಪಚಾರದ ಕರಪತ್ರದಲ್ಲಿ ಒಂದು ಕೆಜಿ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ ಅಂತ ಇರಬೇಕಾಗಿತ್ತು, 40 ಗ್ರಾಂ ಅಂತ ಅಚ್ಚಾಗಿ ಬಂದಿದೆ, 3000 ಪ್ರತಿ. ಟ್ರೈಕೋಡರ್ಮಾ ಅಂದ್ರೆ ಉಪಕಾರಿ ಶಿಲೀಂಧ್ರ, ವಿಷ ಅಲ್ಲ, ಸದ್ಯ. ಆದ್ರೂ ಹತ್ತು ಪಟ್ಟು ಅಂದ್ರೆ ರೈತರ ದುಡ್ಡು ದಂಡ, ಮತ್ತೆ ಅದೇ ಸೊನ್ನೆ ನಾಳೆ ಕೀಟನಾಶಕದ ಅಳತೆಗೆ ಅಂಟಿಕೊಂಡ್ರೆ ಏನು ಗತಿ? ಪುಣ್ಯಕ್ಕೆ ಹಂಚೋ ಮುಂಚೆನೇ ಕಣ್ಣಿಗೆ ಬಿತ್ತು, ಎರಡು ರಾತ್ರಿ ಕೂತು ಎಲ್ರೂ ಸೇರಿ ಸಣ್ಣ ಬಿಳಿ ಸ್ಟಿಕರ್ ಅಂಟಿಸಿದ್ರು. ಮೂರನೇ ದಿನ ಮೀಟಿಂಗಲ್ಲಿ ಮೇಲಿನವರು ಕೇಳಿದ್ದು ಒಂದೇ ಪ್ರಶ್ನೆ, "ಯಾರು ಮಾಡಿದ್ದು?" ಫೈಲ್ ಹುಡುಕಿದ್ರೆ ತೊಗರಿ ಫೈನಲ್, ತೊಗರಿ ಫೈನಲ್ 2, ತೊಗರಿ ಫೈನಲ್ ಮೇಡಂ ನೋಡಿದ್ದು, ತೊಗರಿ ಫೈನಲ್ ಪ್ರಿಂಟಿಗೆ, ಹೀಗೆ ನಾಕು, ಎಲ್ಲ ವಾಟ್ಸಾಪಲ್ಲಿ ಓಡಾಡಿದ್ದು, ಸೊನ್ನೆ ಎಲ್ಲಿ ಸೇರ್ಕೊಳ್ತು ಅಂತ ದೇವರಿಗೇ ಗೊತ್ತು. ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಸುಮಾ ಎದ್ದು ನಿಂತು "ನಾನೇ ನೋಡಿದ್ದು ಸರ್, ನನ್ನದೇ ತಪ್ಪು" ಅಂದ್ರು. ಅವತ್ತಿಂದ ತಾನು ನೋಡದೆ ಒಂದಕ್ಷರನೂ ಆಫೀಸಿಂದ ಹೊರಗೆ ಹೋಗಬಾರ್ದು ಅಂತ ಮನಸ್ಸಲ್ಲೇ ತೀರ್ಮಾನ ಮಾಡ್ಕೊಂಡ್ರು. ಎದೆ ಢವಢವ ಶುರುವಾಗಿದ್ದು ಇದಾಗಿ ಮೂರು ವಾರಕ್ಕೆ.

ಇದರ ಮಧ್ಯೆ ಟೀಮಿಗೆ ಒಬ್ಬ ಹೊಸ ಹುಡುಗ ಸೇರ್ಕೊಂಡ. ಕಿರಣ್ ಅಂತ ಇಟ್ಕೊಳ್ಳೋಣ. ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ ಬಿಟ್ಟು ಊರ ಕಡೆ ಬಂದವನು, ಓಪನ್ ಸೋರ್ಸ್ (ಕೋಡನ್ನ ಯಾರು ಬೇಕಾದ್ರೂ ನೋಡಿ ತಿದ್ದಬಹುದಾದ) ಪ್ರಾಜೆಕ್ಟುಗಳಿಗೆ ರಾತ್ರಿ ಕೂತು ಕೋಡ್ ಬರೆದು ಅಭ್ಯಾಸ ಇರೋನು. ವಾಟ್ಸಾಪ್ ಫೈಲೆಲ್ಲ ನಿಲ್ಲಿಸಿ ಒಂದೇ ಶೇರ್ಡ್ ಡಾಕ್ಯುಮೆಂಟ್ ಮಾಡಿದ, ಒಳ್ಳೇದೇ ಮಾಡಿದ. ಆದ್ರೆ ಮೊದಲನೇ ವಾರನೇ ಸುಮಾ ಬರೆದ ರಾಗಿ ಕರಪತ್ರಕ್ಕೆ 47 ಕಾಮೆಂಟ್ ಹಾಕಿದ, ಎಲ್ರಿಗೂ ಕಾಣೋ ಹಾಗೆ. "ಈ ವಾಕ್ಯ ತಪ್ಪು. ಸರಿ ಮಾಡಿದೀನಿ." "ಇದು ಬೇಡ." "ಇದಕ್ಕೆ ಆಧಾರ ಏನು?" ಹದಿನೈದು ವರ್ಷ ಸರ್ವೀಸ್ ಆಗಿರೋ ಹೆಂಗಸು, ಅವನ ವಯಸ್ಸು ಇಪ್ಪತ್ತಾರು. "ಮೇಡಂ, ನನಗೆ ಮೈಯೆಲ್ಲ ಬಿಸಿ ಆಗೋಯ್ತು, ಎಲ್ರ ಮುಂದೆ ಕೆನ್ನೆಗೆ ಬಾರಿಸಿದ ಹಾಗೆ" ಅಂದ್ರು ಸುಮಾ. ಅದಾದ ಮೇಲೆ ತಮ್ಮ ಬರಹ ಶೇರ್ಡ್ ಫೈಲಿಗೆ ಹಾಕೋದೇ ಬಿಟ್ಟು ತಮ್ಮ ಲ್ಯಾಪ್‌ಟಾಪಲ್ಲೇ ತಿದ್ದಿ ತಿದ್ದಿ, ಕೊನೇ ದಿನ ಹಾಕೋರು.

ಇಲ್ಲಿ ನನ್ನದೊಂದು ತಪ್ಪು ಆಯ್ತು, ಅದನ್ನ ಬರೀಲೇಬೇಕು. ನನ್ನ ಹತ್ರ ಬರೋರಲ್ಲಿ ಐಟಿಯವರು ತುಂಬಾ, ಸ್ಟ್ಯಾಂಡಪ್ (ದಿನಾ ನಿಂತ್ಕೊಂಡೇ ಮಾಡೋ ಪುಟ್ಟ ಮೀಟಿಂಗ್) ಅನ್ನೋ ಮಾತು ದಿನಾ ಕಿವಿಗೆ ಬೀಳುತ್ತೆ, ಹಾಗಾಗಿ ಎರಡನೇ ಸೆಷನ್ನಲ್ಲೇ "ಬೆಳಿಗ್ಗೆ 15 ನಿಮಿಷ ಎಲ್ರೂ ನಿಂತ್ಕೊಂಡು ನಿನ್ನೆ ಏನ್ ಮಾಡಿದ್ರಿ, ಇವತ್ತೇನು, ಎಲ್ಲಿ ಸಿಕ್ಕಾಕೊಂಡಿದೀರಿ ಅಂತ ಹೇಳಿ ನೋಡಿ" ಅಂದೆ. ಎರಡು ವಾರದಲ್ಲಿ ಅದು ಸ್ಕೂಲ್ ಹಾಜರಿ ಆಗೋಯ್ತು. ಎಲ್ರೂ ಸುಮಾ ಮುಖ ನೋಡ್ಕೊಂಡು "ನಡೀತಾ ಇದೆ ಮೇಡಂ", "ನಡೀತಾ ಇದೆ ಮೇಡಂ". ಸಿಕ್ಕಾಕೊಂಡಿದೀನಿ ಅಂತ ಒಬ್ರೂ ಹೇಳಲಿಲ್ಲ, ಯಾಕಂದ್ರೆ "ಯಾರು ಮಾಡಿದ್ದು" ಅಂತ ಕೇಳಿದ ಮೀಟಿಂಗ್ ಯಾರೂ ಮರೆತಿರಲಿಲ್ಲ. ಸ್ಟ್ಯಾಂಡಪ್ ಇರೋದು ಹೆಡ್‌ಗೆ ವರದಿ ಒಪ್ಪಿಸೋಕಲ್ಲ, ಕೆಲಸ ಮಾಡೋರು ತಮ್ಮತಮ್ಮಲ್ಲಿ ಹೊಂದಿಸ್ಕೊಳ್ಳೋಕೆ. ಆ ಮೂರು ಪ್ರಶ್ನೆಗಳನ್ನ 2020ರಲ್ಲಿ ಸ್ಕ್ರಮ್ ಅನ್ನೋ ಟೀಮ್ ಕೆಲಸದ ಪದ್ಧತಿಯ ಕೈಪಿಡಿ, ಸ್ಕ್ರಮ್ ಗೈಡಿಂದಲೇ ತೆಗೆದಿದಾರೆ. ನಾನು ಆ ಹೊತ್ತಿಗೆ ಟೀಮಿನ ಭಯ ನೋಡದೆ ಪದ್ಧತಿ ಕೊಟ್ಟೆ, ಜ್ವರಕ್ಕೆ ಮೂಲ ಕೇಳದೆ ಮಾತ್ರೆ ಕೊಟ್ಟ ಹಾಗೆ. ಮುಂದಿನ ಸೆಷನ್ನಲ್ಲಿ ಸುಮಾಗೆ ಅದನ್ನ ಹಾಗೇ ಹೇಳಿದೆ. ನಾನು ತಪ್ಪು ಒಪ್ಕೊಂಡಾಗ ಅವರು ಸ್ವಲ್ಪ ಹೊತ್ತು ಸುಮ್ನಿದ್ದು, "ನೀವು ಹೀಗೆ ಹೇಳ್ಬಹುದಾ ಮೇಡಂ?" ಅಂತ ಕೇಳಿದ್ರು. ಆ ಪ್ರಶ್ನೆಯಿಂದಲೇ ನನಗೆ ದಾರಿ ಕಾಣಿಸಿತು.

ಒಂದು ಮನೆಗೆಲಸ ಕೊಟ್ಟೆ. ಒಂದು ದಿನ, ಬರೀ ಒಂದೇ ದಿನ, "ನೋಡಿ ಹೇಳಿ ಮೇಡಂ" ಅಂತ ಬಂದ ಮೆಸೇಜೆಲ್ಲ ಎಣಿಸಿ ಅಂತ. 31 ಬಂದಿತ್ತು. ಇದರಲ್ಲಿ ನಿಮ್ಮನ್ನ ಬಿಟ್ಟು ಬೇರೆ ಯಾರೂ ಹೇಳಕ್ಕಾಗ್ದೇ ಇರೋದು ಯಾವುದು ಅಂತ ಟಿಕ್ ಹಾಕಿಸ್ದೆ. 6. ಆಮೇಲೆ ಆಫೀಸ್ ಗೋಡೆ ಮೇಲೆ ಚೀಟಿ ಅಂಟಿಸೋಕೆ ಹೇಳಿದೆ, ಮಾಡಬೇಕು, ಮಾಡ್ತಾ ಇದೀವಿ, ಮುಗೀತು ಅಂತ ಮೂರು ಸಾಲು, ಎಲ್ಲಾದ್ರೂ ನಿಂತಿದ್ರೆ ಯಾಕೆ ನಿಂತಿದೆ ಅಂತ ಚೀಟಿ ಮೇಲೇ ಬರೀಬೇಕು. ಇದಕ್ಕೆ ಕಾನ್‌ಬಾನ್ ಅಂತಾರೆ, ಜಪಾನಿನ ಕಾರ್ ಫ್ಯಾಕ್ಟರಿಯಿಂದ ಬಂದ ಪದ್ಧತಿ, ನಮ್ಮ ಬಿಡದಿಯಲ್ಲಿ ಕಾರು ಮಾಡೋ ಟೊಯೋಟಾದವರದ್ದೇ. ಒಂದು ವಾರ ಆದ್ಮೇಲೆ ಸುಮಾ ಗೋಡೆಯ ಫೋಟೋ ಕಳಿಸಿದ್ರು. ನಡುಸಾಲಿನಲ್ಲಿ ಹಳದಿ ಚೀಟಿಗಳ ಗುಡ್ಡೆ, ಒಂದರ ಮೇಲೊಂದು, ಕೆಳಗಿನವು ಬಾಗಿ ಬಿದ್ದೋಗೋ ಥರ, 14 ಚೀಟಿ ಮೇಲೆ ಬೇರೆಬೇರೆ ಕೈಬರಹದಲ್ಲಿ ಒಂದೇ ಮಾತು: "ಸುಮಾ ಮೇಡಂ ನೋಡ್ಬೇಕು". ಯಾರೂ ಅವರನ್ನ ಬೈದಿರಲಿಲ್ಲ, ಗೋಡೆ ಮಾತ್ರ ತೋರಿಸ್ತಾ ಇತ್ತು. "ನಾನು ಎಲ್ರನ್ನೂ ಕಾಪಾಡ್ತಾ ಇದೀನಿ ಅಂದ್ಕೊಂಡಿದ್ದೆ ಮೇಡಂ, ಎಲ್ರಿಗೂ ಅಡ್ಡ ನಿಂತಿದೀನಿ" ಅಂತ ಅತ್ತರು. ಅಡ್ಡ ನಿಂತಿದ್ದು ನೀವಲ್ಲ, ನಿಮ್ಮ ಭಯ ಅಂತ ಹೇಳಿದೆ. ಇವತ್ತಿಗೂ ನಾನು ಹಾಗೇ ಹೇಳ್ತೀನಿ.

ಇನ್ನು ಕಿರಣನ ಕಾಮೆಂಟ್. ಆ 47ರಲ್ಲಿ ಐದನ್ನ ಸುಮಾಗೆ ಜೋರಾಗಿ ಓದೋಕೆ ಹೇಳಿದೆ. ಅವರು ಓದಿದಾಗ ಪ್ರತಿ ಮಾತಲ್ಲೂ ಗದರಿಕೆ ಇತ್ತು. ಅದೇ ಐದನ್ನ ನಾನು, ಬಸ್ ಸ್ಟ್ಯಾಂಡಲ್ಲಿ ಬೋರ್ಡ್ ಓದೋ ಹಾಗೆ ಸಪ್ಪೆಯಾಗಿ ಓದಿದೆ. "ಹಾಗೆ ಅಂದಿದಾನಾ ಅವನು?" ಅಂತ ಅವರು. ಗೊತ್ತಿಲ್ಲ, ಬರಹಕ್ಕೆ ದನಿ ಇರಲ್ವಲ್ಲ, ದನಿ ಓದೋರು ಹಾಕ್ಕೊಳ್ತಾರೆ ಅಂದೆ. ಆಮೇಲೆ ನನ್ನ ಅನುಭವ ಹೇಳಿದೆ. ಕನ್ನಡ ವಿಕಿಪೀಡಿಯಾದಲ್ಲಿ ನಾನು ಮೊದಲನೇ ಸಲ ಒಂದು ಪ್ಯಾರಾ ಬರೆದಾಗ ಹತ್ತೇ ನಿಮಿಷಕ್ಕೆ ಯಾರೋ ತೆಗೆದುಹಾಕಿದ್ರು, ಎರಡು ದಿನ ಊಟ ರುಚಿಸಲಿಲ್ಲ. ಮೂರನೇ ದಿನ ಆ ಪುಟದ ಇತಿಹಾಸ ಬಿಡಿಸಿ ನೋಡಿದೆ, "ಆಕರ ಇಲ್ಲ, ಸಿಕ್ಕಿದರೆ ಮತ್ತೆ ಸೇರಿಸಿ" ಅಂತ ಕಾರಣ ಬರೆದಿದ್ರು. ಆಕರ ಹುಡುಕಿ ಹಾಕಿದೆ, ಉಳಿಯಿತು. ಅಲ್ಲಿ ಯಾರು, ಯಾವಾಗ, ಏನು ಬದಲಾಯಿಸಿದ್ರು, ಯಾಕೆ ಅಂತ ಎಲ್ಲ ಉಳಿಯುತ್ತೆ, ಬೇಕಿದ್ರೆ ಹಿಂದಕ್ಕೆ ತರಬಹುದು. ಹಿಂದಕ್ಕೆ ತರಬಹುದು ಅನ್ನೋ ಧೈರ್ಯ ಇದ್ರೆ ಮನುಷ್ಯ ಕೈ ನಡುಗದೆ ಬರೀತಾನೆ. ಎದುರಿಗಿರೋರ ಉದ್ದೇಶ ಒಳ್ಳೇದೇ ಅಂತ ಮೊದಲು ನಂಬಿ ಅನ್ನೋದೂ ವಿಕಿಪೀಡಿಯಾದ ಒಂದು ನಿಯಮ.

ಹಾಗಂತ ಕಿರಣ್ ಮಾಡಿದ್ದೆಲ್ಲ ಸರಿ ಅಂತ ನಾನು ಹೇಳಲಿಲ್ಲ. ಓಪನ್ ಸೋರ್ಸ್ ಅಂದ್ರೆ ಒರಟಾಗಿ ಮಾತಾಡೋಕೆ ಲೈಸೆನ್ಸ್ ಅಂದ್ಕೊಂಡಿರೋರು ಇದಾರೆ. ಲಿನಕ್ಸ್ ಅನ್ನೋ ಓಪನ್ ಸೋರ್ಸ್ ಆಪರೇಟಿಂಗ್ ಸಿಸ್ಟಮ್ ಶುರುವಾಗಿದ್ದು 1991ರಲ್ಲಿ, ಅದನ್ನ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ವರ್ಷಾನುಗಟ್ಟಲೆ ಜೊತೆ ಕೆಲಸ ಮಾಡೋರನ್ನ ಇಮೇಲಲ್ಲಿ ಖಾರವಾಗಿ ಬೈದವರು, 2018ರಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿ ಸ್ವಲ್ಪ ದಿನ ಕೆಲಸದಿಂದ ದೂರ ಇದ್ರು, ಅದೇ ಹೊತ್ತಿಗೆ ಆ ಪ್ರಾಜೆಕ್ಟಿಗೆ ನಡವಳಿಕೆಯ ನಿಯಮನೂ ಬಂತು. ಅಷ್ಟು ದೊಡ್ಡ ಮನುಷ್ಯನೇ ತಿದ್ಕೊಂಡ್ರು ಅಂದ್ಮೇಲೆ ನಮ್ಮ ಕಿರಣ್ ತಿದ್ಕೊಳ್ಳಕ್ಕಾಗಲ್ವಾ? ಆದ್ರೆ ಅವನಿಗೆ ಯಾರೂ ಹೇಳೇ ಇರಲಿಲ್ಲ. ನಮ್ಮಲ್ಲಿ ಹಿರಿಯರು ನೊಂದ್ರೆ ಮಾತು ಬಿಡ್ತಾರೆ, ಕಿರಿಯರಿಗೆ ಏನಾಯ್ತು ಅಂತ ಗೊತ್ತೇ ಆಗಲ್ಲ.

ಅವತ್ತು ಕೊಟ್ಟ ಸಲಹೆ ಇಷ್ಟು. ಮೊದಲು ಕಿರಣನ ಜೊತೆ ಒಬ್ರೇ ಕೂತು ಮಾತಾಡಿ, ಕಾಮೆಂಟಲ್ಲಲ್ಲ, ಆ್ಯಪಲ್ಲಲ್ಲ, ಒಂದು ಕಾಫಿ ಕುಡೀತಾ. 2001ರಲ್ಲಿ ಅಮೆರಿಕದ ಯೂಟಾದಲ್ಲಿ 17 ಜನ ಕೂತು ಸಾಫ್ಟ್‌ವೇರ್ ಕೆಲಸ ಹೇಗಿರಬೇಕು ಅನ್ನೋ ಅಜೈಲ್ ಪ್ರಣಾಳಿಕೆ ಬರೆದಾಗ ಮೊದಲನೇ ಮಾತೇ ಅದು, ಪ್ರಕ್ರಿಯೆ ಸಾಧನ ಎಲ್ಲಕ್ಕಿಂತ ಮನುಷ್ಯರು, ಅವರ ಒಡನಾಟ ಹೆಚ್ಚು ಅಂತ. "ನೀನು ಹೇಳಿದ್ದು ಸರಿ ಇತ್ತು, ಹೇಳಿದ ರೀತಿ ನೋವಾಯ್ತು" ಅನ್ನೋ ಒಂದೇ ಮಾತು ಸಾಕು ಅಂದೆ, ನಾಲ್ಕು ಸಲ ನನ್ನ ಮುಂದೆ ಹೇಳಿಸಿ ಅಭ್ಯಾಸ ಮಾಡಿಸಿದೆ, ಮೂರು ಸಲ ಗಂಟಲು ಕಟ್ಟಿತು.

ಎರಡನೇದು ಅವರಿಗೆ ತುಂಬಾ ಕಷ್ಟ ಅನ್ಸಿದ್ದು: ಅರ್ಧ ಬರೆದಿರೋದನ್ನ ಶೇರ್ಡ್ ಫೈಲಿಗೆ ಹಾಕಿ, ತಲೆಬರಹದಲ್ಲೇ "ಕರಡು, ತಪ್ಪಿದೆ, ಹೇಳಿ" ಅಂತ ಬರೆದು. ಹೆಡ್ ಆದವರೇ ಮೊದಲು ಹಾಕಬೇಕು, ಕಿರಿಯರ ಕೈಲಿ ಮೊದಲು ಹಾಕಿಸಿದ್ರೆ ಅದು ಪರೀಕ್ಷೆ ಆಗುತ್ತೆ. ಪೂರ್ತಿ ಆದ್ಮೇಲೆ ತೋರಿಸಿದ್ರೆ ತಿದ್ದೋರು ನಿಮ್ಮನ್ನೇ ತಿದ್ದಿದ ಹಾಗೆ ಅನ್ಸುತ್ತೆ, ಹಸಿ ಇರುವಾಗ ತೋರಿಸಿದ್ರೆ ಬರಹನ ತಿದ್ದಿದ ಹಾಗೆ.

ಆಮೇಲೆ ಒಪ್ಪಿಗೆ ವಿಷಯ. ಅಪಾಚೆ ಅನ್ನೋ ಓಪನ್ ಸೋರ್ಸ್ ಸಂಸ್ಥೆಯ ಪ್ರಾಜೆಕ್ಟುಗಳಲ್ಲಿ ಒಂದು ರೂಢಿ ಇದೆ, ಹೀಗೆ ಮಾಡ್ತೀನಿ ಅಂತ ಎಲ್ರಿಗೂ ತಿಳಿಸಿ ಸಾಮಾನ್ಯವಾಗಿ 72 ಗಂಟೆ ಕಾಯೋದು, ಯಾರೂ ಬೇಡ ಅನ್ನದಿದ್ರೆ ಮುಂದುವರಿಯೋದು, ಬೇಡ ಅನ್ನೋರು ಕಾರಣ ಹೇಳಬೇಕು. ನಮ್ಮ ಮೌನಂ ಸಮ್ಮತಿ ಲಕ್ಷಣಂ ಇದ್ದ ಹಾಗೆ. ಆ 31 ಮೆಸೇಜಲ್ಲಿ 20ಕ್ಕಾದ್ರೂ ಇದು ಸಾಕು, ಚಿತ್ರ ಯಾವುದು, ಹೆಡ್ಡಿಂಗ್ ಬಣ್ಣ ಏನು, ಸಭೆ ಗುರುವಾರವಾ ಶುಕ್ರವಾರವಾ. ಆದ್ರೆ ನಮ್ಮ ಆಫೀಸುಗಳಲ್ಲಿ ಮೌನ ಅಂದ್ರೆ ಎಷ್ಟೋ ಸಲ ಸಮ್ಮತಿ ಅಲ್ಲ, ಹೆದರಿಕೆ, ಅದಕ್ಕೇ ಅಳತೆ ಗ್ರಾಂ ಲೀಟರ್ ಇರೋ ಕಡೆ ಈ ರೂಢಿ ಬೇಡ ಅಂತ ಖಡಾಖಂಡಿತ ಹೇಳಿದೆ. ಸಂಖ್ಯೆ ಇರೋ ಪ್ರತಿ ಸಾಲನ್ನ ಬರೆದವರು ಬಿಟ್ಟು ಇನ್ನಿಬ್ರು ಮೂಲದ ಜೊತೆ ಹೋಲಿಸಿ ಹೆಸರು ಹಾಕಬೇಕು, ಆ ಇಬ್ಬರಲ್ಲಿ ಪ್ರತಿ ಸಲ ಸುಮಾನೇ ಇರಬಾರ್ದು.

ಕೊನೇದು ತಿಂಗಳಿಗೊಂದ್ಸಲ ಹಿನ್ನೋಟದ ಮೀಟಿಂಗ್, ಆದ ಕೆಲಸ ಹೇಗೆ ನಡೀತು ಅಂತ ಎಲ್ರೂ ಕೂತು ನೋಡೋದು. ಶುರುವಲ್ಲೇ ಒಂದು ಮಾತು ಓದಿ ಅಂದೆ, ನಾರ್ಮ್ ಕೆರ್ತ್ ಅನ್ನೋ ಸಾಫ್ಟ್‌ವೇರ್ ಸಲಹೆಗಾರರು ಇಂಥ ಮೀಟಿಂಗಿಗೆ ಅಂತಲೇ ರೂಪಿಸಿದ್ದು, ಅದರ ಸಾರ ಏನಂದ್ರೆ ಏನೇ ತಪ್ಪು ಸಿಕ್ಕಲಿ, ಆಗ ಗೊತ್ತಿದ್ದಷ್ಟರಲ್ಲಿ ಕೈಲಿದ್ದಷ್ಟರಲ್ಲಿ ಎಲ್ರೂ ತಮ್ಮಿಂದಾದ ಒಳ್ಳೇ ಕೆಲಸನೇ ಮಾಡಿದಾರೆ ಅಂತ ನಂಬಿ ಮಾತು ಶುರು ಮಾಡೋದು. ಯಾರು ಮಾಡಿದ್ದು ಅನ್ನೋದರ ಬದಲು ಸೊನ್ನೆ ಹೇಗೆ ನುಸುಳಿತು ಅಂತ ಕೇಳೋದು. ಜೊತೆಗೆ ಫೋನ್ ರಾತ್ರಿ ಒಂಬತ್ತರ ಮೇಲೆ ಅಡುಗೆಮನೆಯಲ್ಲಿ, ಮಲಗೋ ಕೋಣೇಲಿ ಬೇಡ.

ಹಿನ್ನೋಟದ ಮೊದಲನೇ ಮೀಟಿಂಗಲ್ಲೇ ಸೊನ್ನೆ ಸಿಕ್ತು. ಡಿಟಿಪಿ ಮಾಡೋ ಹುಡುಗ ತಾನಾಗೇ ಹೇಳಿದ, ಫಾಂಟ್ ಬದಲಾಯಿಸುವಾಗ ಅಂಕಿಗಳೆಲ್ಲ ಕೆಟ್ಟು ಹೋಗಿದ್ವು, ಕೈಯಲ್ಲೇ ಮತ್ತೆ ಟೈಪ್ ಮಾಡಿದೆ, ರಾತ್ರಿ ಹನ್ನೊಂದಾಗಿತ್ತು, ಅವತ್ತೇ ಗೊತ್ತಾಗಿತ್ತು ನನ್ನಿಂದ ಆಗಿದ್ದು ಅಂತ, ಹೇಳೋಕೆ ಧೈರ್ಯ ಬರಲಿಲ್ಲ ಅಂತ. ನಾಲ್ಕು ತಿಂಗಳು ಅವನೂ ಅದನ್ನ ಹೊತ್ಕೊಂಡು ಓಡಾಡಿದಾನೆ. ಸುಮಾ ಇದನ್ನ ಹೇಳುವಾಗ ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

ಕಿರಣನ ಜೊತೆ ಕಾಫಿ ಆಯ್ತು. ಅವನು ಗಾಬರಿ ಬಿದ್ದು ಸಾರಿ ಕೇಳಿದನಂತೆ, ಈಗ ಕಾಮೆಂಟನ್ನ ಪ್ರಶ್ನೆ ಥರ ಬರೀತಾನೆ. ಅಂಥ ಸ್ನೇಹ ಏನೂ ಆಗಿಲ್ಲ, ಆಗಬೇಕು ಅಂತಾನೂ ಇಲ್ಲ. ಸುಮಾ ತಮ್ಮ ಮೊದಲನೇ ಕರಡು ಹಾಕಿದ ದಿನ ಇಡೀ ಮಧ್ಯಾಹ್ನ ಫೈಲ್ ಬಿಡಿಸೋಕೆ ಹೆದರಿ ಕೂತಿದ್ರಂತೆ. ಸಂಜೆ ನೋಡಿದ್ರೆ ಒಂದೇ ಒಂದು ಕಾಮೆಂಟ್, ಎರಡು ವರ್ಷದಿಂದ ಮೀಟಿಂಗಲ್ಲಿ ಬಾಯೇ ಬಿಡದ ಫೀಲ್ಡ್ ಹುಡುಗೀದು: "ಅಕ್ಕಾ, ನಮ್ಮೂರ ಕಡೆ ಬೀಜೋಪಚಾರ ಅಂದ್ರೆ ಯಾರಿಗೂ ತಿಳಿಯಲ್ಲ, ಬೀಜಕ್ಕೆ ಔಷಧಿ ಹಚ್ಚೋದು ಅಂತ ಹಾಕೋಣ್ವಾ?" ಮೇಡಂ ಅಂತಿದ್ದವಳು ಅಕ್ಕಾ ಅಂದಿದಾಳೆ ಅಂತ ಸುಮಾ ಆ ಸ್ಕ್ರೀನ್‌ಶಾಟ್ ನನಗೆ ಕಳಿಸಿದ್ರು.

ಈಗ ಎಂಟು ಸೆಷನ್ ಆಗಿದೆ. ರಾತ್ರಿಗೆ ಐದೂವರೆ ಆರು ಗಂಟೆಯಷ್ಟು ನಿದ್ದೆ ಆಗ್ತಾ ಇದೆ, ಎಚ್ಚರ ಆದ್ರೂ ಮತ್ತೆ ಹತ್ತುತ್ತೆ. ಎದೆ ಢವಢವ ವಾರಕ್ಕೊಂದ್ಸಲ ಬರುತ್ತೆ, ಹೆಚ್ಚಾಗಿ ಭಾನುವಾರ ಸಂಜೆ. ಗೋಡೆ ಮೇಲೆ ಅವರ ಹೆಸರಿನ ಚೀಟಿ ಮೂರಕ್ಕಿಂತ ಜಾಸ್ತಿ ಆಗಬಾರ್ದು ಅಂತ ಟೀಮೇ ಮಾಡ್ಕೊಂಡಿರೋ ನಿಯಮ, ಪ್ರಿಂಟ್ ಇರೋ ವಾರ ಮುರಿದು ಬೀಳುತ್ತೆ. ಮೇಲಿನವರ ರಾತ್ರಿ ಹನ್ನೊಂದರ ಮೆಸೇಜ್ ಮಾತ್ರ ನಿಂತಿಲ್ಲ, ಅವರಿಗೆ ಏನು, ಹೇಗೆ ಹೇಳೋದು ಅಂತ ಮುಂದಿನ ತಿಂಗಳ ಸೆಷನ್ನಿಗೆ ಇಟ್ಕೊಂಡಿದೀವಿ.