ಊರಿನ ಹೆಸರಿಲ್ಲದ ಪತ್ರಗಳು

ಪ್ರಶ್ನೆ: 1971ರ ಯುದ್ಧದ ಹೊತ್ತಿಗೆ ನಮ್ಮ ತಾತ ಸೇನೆಯ ಎಂಜಿನಿಯರಿಂಗ್ ದಳವಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದರು, ಆಗ ಅವರಿಗೆ 22 ವರ್ಷ. ಅವರು ಮನೆಗೆ ಬರೆದ ಪತ್ರಗಳು ಅಜ್ಜಿಯ ಟ್ರಂಕಿನಲ್ಲಿ ಸಿಕ್ಕಿವೆ. ಯಾವುದರಲ್ಲೂ ಊರಿನ ಹೆಸರಿಲ್ಲ, ‘ಕೇರ್ ಆಫ್ 56 ಎಪಿಓ’ ಎಂದಷ್ಟೇ ಇದೆ. ಯುದ್ಧದ ಮಾತೂ ಇಲ್ಲ. ‘ನಾನು ಕ್ಷೇಮ’ ಎಂದು ಬರೆದು, ಎಮ್ಮೆ ಕರು ಹಾಕಿತೇ ಎಂದು ಕೇಳಿದ್ದಾರೆ. ಮನೆಯವರಿಂದ ಏನನ್ನಾದರೂ ಮುಚ್ಚಿಡುತ್ತಿದ್ದರೇ?
— ಓದುಗರೊಬ್ಬರು, ಹಾಸನ

ಉತ್ತರ: ಮುಚ್ಚಿಟ್ಟಿರಬೇಕು, ಆದರೆ ಮನೆಯವರ ಮೇಲಿನ ಅಪನಂಬಿಕೆಯಿಂದಲ್ಲ. ಎಪಿಓ ಎಂದರೆ ಸೇನಾ ಅಂಚೆ ಕಚೇರಿ. ಪಡೆ ಎಲ್ಲಿ ಬೀಡುಬಿಟ್ಟಿದೆ ಎಂಬುದು ವಿಳಾಸದಿಂದ ಯಾರಿಗೂ ತಿಳಿಯಬಾರದೆಂದು, ಸಿಪಾಯಿಯ ಸಂಖ್ಯೆ, ದರ್ಜೆ, ಹೆಸರು ಮತ್ತು ಘಟಕದ ಕೆಳಗೆ 56 ಎಪಿಓ ಎಂದಷ್ಟೇ ಬರೆಯುವ ಪದ್ಧತಿಯಿದೆ. ನಿಮ್ಮ ಅಜ್ಜಿ ಬರೆದ ಉತ್ತರ ಸೇನೆಯ ಅಂಚೆ ನೆಲೆಗೆ ಹೋಗಿ, ಘಟಕ ಅಂದು ಎಲ್ಲಿದೆಯೆಂದು ಬಲ್ಲವರ ಕೈಯಲ್ಲಿ ವಿಂಗಡಣೆಯಾಗಿ, ಅಲ್ಲಿಂದ ಕ್ಷೇತ್ರ ಅಂಚೆ ಕಚೇರಿಗೆ ಸಾಗುತ್ತಿತ್ತು. ಘಟಕ ರಾತ್ರೋರಾತ್ರಿ ಜಾಗ ಬದಲಿಸಿದರೂ ಅಜ್ಜಿ ಬರೆಯಬೇಕಾದ ವಿಳಾಸ ಅದೇ ಆಗಿರುತ್ತಿತ್ತು.

ಸ್ಥಳ, ಪಡೆಯ ಚಲನೆ, ಕೆಲಸದ ವಿವರ ಇವೆಲ್ಲವನ್ನೂ ಬರೆಯಬಾರದೆಂಬ ಕಟ್ಟಪ್ಪಣೆಯೂ ಇರುತ್ತದೆ. ಸೇತುವೆ ಕಟ್ಟುವುದು, ನೆಲಬಾಂಬು ತೆಗೆಯುವುದು ಸ್ಯಾಪರ್‌ಗಳ ಕೆಲಸ. ಅಂಥ ಕೆಲಸದಲ್ಲಿ ದಿನ ಕಳೆದವನು ಮನೆಗೆ ಬರೆಯಬಹುದಾದದ್ದು ಕ್ಷೇಮಸಮಾಚಾರವನ್ನಷ್ಟೇ. ಊರಿಗೆ ತಂತಿ ಬಂದರೆ ಎದೆ ನಡುಗುತ್ತಿದ್ದ ಆ ಕಾಲದಲ್ಲಿ, ತಾತನ ಕೈಬರಹದ ‘ಕ್ಷೇಮ’ ಎಂಬ ಒಂದು ಪದಕ್ಕಾಗಿ ಮನೆಯವರೆಲ್ಲ ಕಾದಿರುತ್ತಾರೆ. ಎಮ್ಮೆಯ ವಿಚಾರವನ್ನು ದಯವಿಟ್ಟು ಹಗುರವಾಗಿ ಕಾಣಬೇಡಿ. ಅಷ್ಟು ದೂರದಲ್ಲಿದ್ದುಕೊಂಡು ಅವರು ನಿಮ್ಮ ಮನೆಯ ಕೊಟ್ಟಿಗೆಯೊಳಗೆ ನಿಂತು ಮಾತಾಡಿದ್ದಾರೆ ಎಂದೇ ನಾನು ಓದುತ್ತೇನೆ.

ಅಂಚೆಯ ಮೊಹರನ್ನು ಬೆಳಕಿಗೆ ಹಿಡಿದು ನೋಡಿ. ಎಫ್‌ಪಿಓ (ಕ್ಷೇತ್ರ ಅಂಚೆ ಕಚೇರಿ) ಎಂಬ ಅಕ್ಷರಗಳು, ಒಂದು ಸಂಖ್ಯೆ ಮತ್ತು ತಾರೀಖು ಕಾಣಬಹುದು. ಯುದ್ಧ ನಡೆದದ್ದು ಡಿಸೆಂಬರ್ 3ರಿಂದ 16ರವರೆಗೆ. ಆ ದಿನಗಳ ಮೊಹರಿರುವ ಪತ್ರಗಳನ್ನು ಮೊದಲು ಬೇರೆಯಾಗಿ ಇಡಿ. ಮಡಿಕೆ ಹರಿದಿದ್ದರೆ ಸೆಲ್ಲೋಟೇಪ್ ಮಾತ್ರ ಅಂಟಿಸಬೇಡಿ, ಅದರ ಅಂಟು ಶಾಯಿಯನ್ನೇ ತಿನ್ನುತ್ತದೆ. ಸ್ಯಾಪರ್‌ಗಳ ದಾಖಲೆ ಕಚೇರಿ ಬೆಂಗಳೂರಿನಲ್ಲೇ ಇದೆ. ತಾತನ ಸೇವಾ ಸಂಖ್ಯೆಯನ್ನು ಕೊಟ್ಟು, ಅವರ ಘಟಕ ಆಗ ಯಾವ ರಣರಂಗದಲ್ಲಿತ್ತೆಂದು ಕುಟುಂಬದವರಾಗಿ ನೀವೇ ಬರೆದು ಕೇಳಿ.